ಎರಡನೇ ಕುರ್ಚಿಯವರು

ಮೂರು ವರ್ಷದ ಹಿಂದಿನ ಒಂದು ಜುಲೈ ಶನಿವಾರವನ್ನು ಪೂರ್ತಿ ನಾನು ಒಬ್ಬ ಅಪರಿಚಿತ ಹೆಂಗಸನ್ನು ನೋಡುತ್ತಾ ಕಳೆದೆ.

ನೋಡಬೇಕಾಗಿದ್ದದ್ದು ಬಾಸ್ಕೆಟ್‌ಬಾಲ್ ಆಟವನ್ನು. ನಮ್ಮ ಎದುರು ಮನೆ ಹುಡುಗಿಗೆ ಆಗ ಹದಿನಾರು, ಎತ್ತರ ಆರಡಿ ಒಂದಿಂಚು. ಅವಳ ಅಮ್ಮ ನರ್ಸು, ಶನಿವಾರ-ಭಾನುವಾರ ಆಸ್ಪತ್ರೆಯಲ್ಲಿ ಡ್ಯೂಟಿ. ಅದೇ ಕ್ಲಬ್ಬಿನ ಚಿಕ್ಕ ಮಕ್ಕಳ ಟೀಮಿನಲ್ಲಿ ನನ್ನ ಮಗಳೂ ಇದ್ದದ್ದರಿಂದ ಸಾರಥ್ಯ ನನ್ನ ಪಾಲಿಗೆ ಬಂತು. ಹೊರಗೆ ಅಮೆರಿಕದ ಅಯೋವಾ ರಾಜ್ಯದ ಜೋಳದ ಹೊಲಗಳ ಮೇಲೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ಒಂದೇ ಸೂರಿನಡಿ ಎಂಟು ಕೋರ್ಟು, ಎಂಟೂ ಕಡೆ ಒಟ್ಟಿಗೆ ಸೀಟಿ. ಯಾವ ಸೀಟಿ ಯಾವ ಆಟದ್ದು ಅನ್ನೋದು ಆಡುವ ಮಕ್ಕಳಿಗೆ ಮಾತ್ರ ತಿಳಿಯುತ್ತಿತ್ತು, ಹೇಗೋ.

ಕೋರ್ಟಿನ ಅಂಚಿಗೆ ಮಡಚುವ ಕುರ್ಚಿಗಳ ಸಾಲು. ಕೂತವರು ತಮ್ಮ ಟೀಮಿಗೆ ಹುಡುಗಿಯರನ್ನು ಹುಡುಕಿ ಬಂದ ಕಾಲೇಜು ಕೋಚುಗಳು. ಎದೆಯ ಮೇಲೆ ಒಂದೊಂದು ಕಾಲೇಜಿನ ಲಾಂಛನ, ತೊಡೆಯ ಮೇಲೆ ಆಟಗಾರ್ತಿಯರ ಹೆಸರು-ನಂಬರಿನ ಪಟ್ಟಿ. ಆ ಪಟ್ಟಿಗೆ ಟೂರ್ನಮೆಂಟಿನವರು ಕಾಲೇಜುಗಳಿಂದ ನೂರಾರು ಡಾಲರ್ ಕೀಳುತ್ತಾರೆ ಅಂತ ಆಮೇಲೆ ಗೊತ್ತಾಯಿತು. ತಿರುಪತಿ ಬಸ್ ಸ್ಟ್ಯಾಂಡಿನಲ್ಲಿ ಲಾಡ್ಜಿನ ಏಜೆಂಟರು ನಿಂತಿರುತ್ತಾರಲ್ಲ, ಆ ಥರ. ವ್ಯತ್ಯಾಸ ಇಷ್ಟೇ, ಇವರು ಬಾಯಿ ಬಿಡುವ ಹಾಗಿಲ್ಲ. ಜುಲೈ ಪಂದ್ಯಗಳಲ್ಲಿ ಕಾಲೇಜಿನ ಕೋಚುಗಳು ನೋಡಬಹುದು, ಮಾತಾಡಿಸುವಂತಿಲ್ಲ ಅಂತ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ನಿಯಮ. ಹಾಗಾಗಿ ಎಲ್ಲರದ್ದೂ ಕಣ್ಣಲ್ಲೇ ಸಂಭಾಷಣೆ. ಬೇಕಾದ ಹುಡುಗಿಗೆ ಕಾಣುವಂಥ ಜಾಗದಲ್ಲಿ ಕೂರೋದು, ಅವಳ ಪ್ರತಿ ಆಟಕ್ಕೂ ಬಂದು ಕೂರೋದು, ಅವಳು ಈ ಕಡೆ ನೋಡಿದಾಗ ತಲೆ ಆಡಿಸೋದು. ಅಷ್ಟೇ.

ನಾನು ನೋಡುತ್ತಿದ್ದ ಹೆಂಗಸಿಗೆ ಐವತ್ತರ ಆಸುಪಾಸು. ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಬಿಗಿದಿದ್ದರು, ಹಸಿರು ಟೀ ಶರ್ಟು, ಕಾಲಡಿ ಮಂಜು ಕರಗಿದ ಕಾಫಿ ಲೋಟ. ಎದುರು ಮನೆ ಹುಡುಗಿ ಒಂದಾದ ಮೇಲೊಂದು ಬುಟ್ಟಿ ಹಾಕಿದಳು. ಈಕೆ ಏನೂ ಬರೆಯಲಿಲ್ಲ. ಫೌಲ್ ಜಾಸ್ತಿಯಾಗಿ ಹುಡುಗಿಯನ್ನು ಹೊರಗೆ ಕೂರಿಸಿದರು. ಮುಖ ಊದಿಸಿಕೊಂಡು ಕೂತವಳು ಅರ್ಧ ನಿಮಿಷಕ್ಕೆ ಎದ್ದು, ಸುಸ್ತಾಗಿ ಬಂದವಳಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟು, ಒಳಗಿದ್ದವರಿಗೆ 'ಎಡಕ್ಕೆ, ಎಡಕ್ಕೆ' ಅಂತ ಕೂಗತೊಡಗಿದಳು. ಹಸಿರು ಶರ್ಟಿನ ಹೆಂಗಸು ಪೆನ್ನು ತೆಗೆದದ್ದು ಆಗ.

ಕನೆಕ್ಟಿಕಟ್ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಟೀಮಿನ ಮುಖ್ಯ ಕೋಚ್ ಜೀನೋ ಆರಿಯೆಮ್ಮ ವರ್ಷಗಳಿಂದ ಇದನ್ನೇ ಹೇಳುತ್ತಾ ಬಂದಿದ್ದಾರೆ: ಬೆಂಚಿನ ಮೇಲೆ ಸೊಟ್ಟ ಮುಖ ಹಾಕಿಕೊಂಡು ಕೂರುವವರಿಗೆ ನನ್ನ ಟೀಮಿನಲ್ಲಿ ಜಾಗವಿಲ್ಲ ಅಂತ. ಹೇಳುವವರು ಅವರು. ಊರೂರು ಅಲೆದು, ಇಡೀ ದಿನ ಗಟ್ಟಿ ಕುರ್ಚಿಯಲ್ಲಿ ಕೂತು, ಯಾವ ಹುಡುಗಿ ಬೆಂಚಿನ ಮೇಲೆ ಹೇಗಿರುತ್ತಾಳೆ ಅಂತ ಹೆಚ್ಚಾಗಿ ಬರೆದುಕೊಳ್ಳುವವರು ಮಾತ್ರ ಬೇರೆ. ಅವರ ಬಗ್ಗೆಯೇ ಈ ಬರಹ. ಟೀವಿಯಲ್ಲಿ ಮುಖ್ಯ ಕೋಚ್ ಎದ್ದು ಕಿರುಚುತ್ತಿರುವಾಗ ಪಕ್ಕದ ಕುರ್ಚಿಯಲ್ಲಿ ಕೂತು ಅವರ ಕೋಟಿನ ತುದಿ ಎಳೆಯುವವರು. ಅಸಿಸ್ಟೆಂಟ್ ಕೋಚ್ ಅಂತ ಹುದ್ದೆಯ ಹೆಸರು.

ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲಿನಲ್ಲಿ ಕಾಲೇಜಿನವರು ಹುಡುಗಿಗೆ ನೇರವಾಗಿ ಫೋನು, ಮೆಸೇಜು ಮಾಡಬಹುದಾದ ಮೊದಲ ದಿನ ಅವಳ ಹೈಸ್ಕೂಲಿನ ಮೂರನೇ ವರ್ಷದ ಸೆಪ್ಟೆಂಬರ್ 1. ಆಗಸ್ಟ್ 31ರ ರಾತ್ರಿ ಎದುರು ಮನೆಯಲ್ಲಿ ದೀಪ ಆರಲಿಲ್ಲ. ಮೊದಲ ಮೆಸೇಜು ಬಂದದ್ದು ಹನ್ನೆರಡು ಗಂಟೆ ಹೊಡೆದ ನಿಮಿಷದಲ್ಲೇ, ಹಸಿರು ಶರ್ಟಿನವರಿಂದ. ಆಟದ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲವಂತೆ. 'ಅವತ್ತು ಕುರ್ಚಿ ಬಿಟ್ಟುಕೊಟ್ಟೆಯಲ್ಲ, ನೋಡಿದೆ' ಅಂತಷ್ಟೇ ಇತ್ತಂತೆ.

ಆಮೇಲಿನ ಒಂದು ವರ್ಷ ನಾನು ಕಂಡದ್ದನ್ನು ಕನ್ನಡದಲ್ಲಿ ಹೇಳೋದು ಸುಲಭ. ಹೆಣ್ಣು ನೋಡೋ ಶಾಸ್ತ್ರ. ಆದರೆ ಇಲ್ಲಿ ಗಂಡಿನ ಕಡೆಯವರೇ ಕೈಕಟ್ಟಿ ನಿಲ್ಲಬೇಕು. ವರೋಪಚಾರ ಎಲ್ಲ ಹುಡುಗಿಗೆ. ಕಾಲೇಜಿಗೆ ಕರೆಸಿ, ಅವಳ ಹೆಸರು ಬರೆದ ಜರ್ಸಿ ತೊಡಿಸಿ ಫೋಟೋ ತೆಗೆಯುತ್ತಾರೆ. ಮನೆಗೇ ಬಂದು ಕೂತು ಅಜ್ಜಿಯ ಮೊಣಕಾಲು ನೋವು ವಿಚಾರಿಸುತ್ತಾರೆ. ಮುಖ್ಯ ಕೋಚ್ ಎದುರು ಮನೆಗೆ ಬಂದದ್ದು ಒಂದೇ ಸಲ, ನಲವತ್ತು ನಿಮಿಷ. ಒಳ್ಳೆಯ ಸೂಟು, ಒಳ್ಳೆಯ ಮಾತು. ನನ್ನ ಚಕ್ಕುಲಿಯನ್ನು ಹೊಗಳಿ ಒಂದು ತುಂಡು ಮುರಿದು ತಿಂದು ಹೋದರು. ಹಸಿರು ಶರ್ಟಿನವರು ಮೂರು ತಿಂದರು. ಹೆಸರು ಕೇಳಿ ಫೋನಿನಲ್ಲಿ ಬರೆದುಕೊಂಡರು. ಮುಂದಿನ ದೀಪಾವಳಿಗೆ ಆ ಹುಡುಗಿಯ ಮೂಲಕ ನನಗೊಂದು ಮೆಸೇಜು ಬಂತು: 'ಈ ಸಲ ಚಕ್ಕುಲಿ ಆಯಿತಾ?' ವ್ಯಾಪಾರ ಅಂತ ಗೊತ್ತಿದ್ದೂ ಕರಗಿಬಿಟ್ಟೆ. ನಮ್ಮ ಮದುವೆ ಮಾತುಕತೆಗಳಲ್ಲೂ ಕೊನೆಗೆ ಸಂಬಂಧ ಕುದುರಿಸೋದು ಹುಡುಗನ ಅಪ್ಪ ಅಲ್ಲವಲ್ಲ. ಅಡುಗೆಮನೆ ತನಕ ಬಂದು, ತಟ್ಟೆ ತಾನೇ ಎತ್ತಿಟ್ಟು, ಹುಡುಗಿಯ ಕಿವಿಯಲ್ಲಿ ಏನೋ ಹೇಳಿ ನಗಿಸುವ ಸೋದರತ್ತೆ.

ಇಂಥ ಭೇಟಿಗಳ ಕಥೆಗಳಲ್ಲಿ ಎಲ್ಲರ ಬಾಯಲ್ಲೂ ಇರೋದು ಪ್ಯಾಟ್ ಸಮಿಟ್ ಅವರದು. ಟೆನೆಸಿ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದಾಗ ಆಕೆಗೆ 22 ವರ್ಷ. ಇಸವಿ 1974, ಸಂಬಳ ತಿಂಗಳಿಗೆ 250 ಡಾಲರ್, ಟೀಮಿನ ವ್ಯಾನ್ ಓಡಿಸೋದೂ ಜರ್ಸಿ ಒಗೆಯೋದೂ ತಾನೇ. 38 ವರ್ಷದಲ್ಲಿ 1,098 ಗೆಲುವು, 8 ಚಾಂಪಿಯನ್‌ಶಿಪ್. 1990ರ ಸೆಪ್ಟೆಂಬರಿನಲ್ಲಿ ತುಂಬು ಗರ್ಭಿಣಿ ಸಮಿಟ್ ಪೆನ್ಸಿಲ್ವೇನಿಯಾದ ಮಕಂಜಿ ಅನ್ನುವ ಊರಿಗೆ ಚಿಕ್ಕ ವಿಮಾನದಲ್ಲಿ ಹೋದರು, ಮಿಶೆಲ್ ಮಾರ್ಸಿನಿಯಾಕ್ ಅನ್ನುವ ಹುಡುಗಿಯನ್ನು ಒಪ್ಪಿಸಲಿಕ್ಕೆ. ಹೆರಿಗೆ ಶುರುವಾಯಿತು. ಆದರೂ ಹೇಳಬೇಕಾದ್ದನ್ನು ಹೇಳಿಯೇ ವಿಮಾನ ಹತ್ತಿದರು. ದಾರಿಯಲ್ಲಿ ವರ್ಜೀನಿಯಾದಲ್ಲಿ ಇಳಿಸೋಣ ಅಂದರೆ ಆಕೆ ಒಪ್ಪಲಿಲ್ಲ. ಆ ವರ್ಷದ ಮಾರ್ಚಿನಲ್ಲಿ ಅವರ ಟೀಮನ್ನು ಸೋಲಿಸಿ ಮನೆಗೆ ಕಳಿಸಿದ್ದು ವರ್ಜೀನಿಯಾ. ಮಗ ಹುಟ್ಟಿದ್ದು ಟೆನೆಸಿಯ ನಾಕ್ಸ್‌ವಿಲ್‌ನಲ್ಲೇ. ಇಷ್ಟೆಲ್ಲ ಆಗಿಯೂ ಆ ಹುಡುಗಿ ಮೊದಲು ಹೋದದ್ದು ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ! ಆಮೇಲೆ ಮನಸ್ಸು ಬದಲಾಯಿಸಿ ಟೆನೆಸಿಗೆ ಬಂದು 1996ರಲ್ಲಿ ಚಾಂಪಿಯನ್‌ಶಿಪ್ ಗೆದ್ದಳು.

ಎಲ್ಲರೂ ಇದನ್ನು ಸಮಿಟ್ ಅವರ ಎದೆಗಾರಿಕೆಯ ಕಥೆಯಾಗಿ ಹೇಳುತ್ತಾರೆ. ನನಗೆ ಮಾತ್ರ ಯಾವಾಗಲೂ ಆ ವಿಮಾನದಲ್ಲಿ ಪಕ್ಕದ ಸೀಟಿನಲ್ಲಿದ್ದ ಮಿಕಿ ಡಿಮಾಸ್ ನೆನಪಾಗುತ್ತಾರೆ. ಸಮಿಟ್ ಅವರ ಅಸಿಸ್ಟೆಂಟ್, 1985ರಿಂದ 2003ರವರೆಗೆ ಹದಿನೆಂಟು ವರ್ಷ. ಪಕ್ಕದಲ್ಲಿ ಬಾಸಿಗೆ ಹೆರಿಗೆ ನೋವು, ಕೆಳಗೆ ಅಪಲೇಚಿಯನ್ ಬೆಟ್ಟಗಳು, ಬಾಸು ಇಳಿಯಲೊಲ್ಲರು. ಆ ಎರಡು ಗಂಟೆ ಆ ಹೆಂಗಸಿನ ಹೊಟ್ಟೆಯಲ್ಲಿ ಏನಾಗಿರಬೇಡ!

ನಾನಿರುವ ರಾಜ್ಯದ್ದೇ ಉದಾಹರಣೆ ಇನ್ನೂ ಹತ್ತಿರದ್ದು. ಕೇಟ್ಲಿನ್ ಕ್ಲಾರ್ಕ್ ಹೆಸರು ಈಗ ಬೆಂಗಳೂರಿನ ಮಕ್ಕಳಿಗೂ ಗೊತ್ತು. ಹುಡುಗಿ ನಮ್ಮ ಪಕ್ಕದ ವೆಸ್ಟ್ ಡಿ ಮೊಯ್ನ್‌ನವಳು. ಅವಳು ಆಡಿದ 2024ರ ಕಾಲೇಜು ಚಾಂಪಿಯನ್‌ಶಿಪ್ ಫೈನಲ್ ಅನ್ನು ಅಮೆರಿಕದಲ್ಲಿ ಸರಾಸರಿ 1.89 ಕೋಟಿ ಜನ ನೋಡಿದರು, ಆ ವರ್ಷದ ಗಂಡಸರ ಫೈನಲ್‌ಗಿಂತ ಹೆಚ್ಚು. ಅಂಥವಳು ಮೊದಲು ಮನಸ್ಸು ಮಾಡಿದ್ದು, ಮತ್ತೆ, ನೋಟರ್ ಡೇಮ್‌ಗೆ ಹೋಗಲಿಕ್ಕೆ. 2019ರಲ್ಲಿ ಆ ಮಾತು ಹಿಂತೆಗೆದುಕೊಂಡು ಅಯೋವಾ ವಿಶ್ವವಿದ್ಯಾಲಯಕ್ಕೆ ಹೂಂ ಅಂದಳು. ಅಲ್ಲಿ ಆಗ ಮುಖ್ಯ ಕೋಚ್ ಲೀಸಾ ಬ್ಲೂಡರ್. ಕ್ಲಾರ್ಕ್ ಮಿಡ್ಲ್ ಸ್ಕೂಲಿನಲ್ಲಿದ್ದಾಗಿನಿಂದಲೇ ಕಣ್ಣಿಟ್ಟು ಕಾದವರಲ್ಲಿ ಅವರ ಬಲಗೈ ಜ್ಯಾನ್ ಜೆನ್ಸನ್ ಮುಖ್ಯರು.

ಜೆನ್ಸನ್ ಅವರ ಹಿನ್ನೆಲೆ ಸ್ವಲ್ಪ ಕೇಳಬೇಕು. ಪಶ್ಚಿಮ ಅಯೋವಾದಲ್ಲಿ ಡೆನ್ಮಾರ್ಕಿನಿಂದ ವಲಸೆ ಬಂದವರು ಕಟ್ಟಿಕೊಂಡ ಕಿಂಬಾಲ್ಟನ್, ಎಲ್ಕ್ ಹಾರ್ನ್ ಅನ್ನುವ ಜೋಡಿ ಹಳ್ಳಿಗಳಿವೆ. ಡೆನ್ಮಾರ್ಕಿನಿಂದಲೇ ತಂದು ನಿಲ್ಲಿಸಿದ ಗಾಳಿಯಂತ್ರವೊಂದು ಅಲ್ಲಿದೆ. ನಾವು ಒಮ್ಮೆ ಮಕ್ಕಳಿಗೆ ತೋರಿಸಲು ಹೋಗಿದ್ದೆವು, ಗಾಳಿ ಇರಲಿಲ್ಲ, ಅದು ಸುಮ್ಮನೆ ನಿಂತಿತ್ತು. ಜೆನ್ಸನ್ ಬೆಳೆದದ್ದು ಅಲ್ಲೇ. ಆ ಕಾಲದಲ್ಲಿ ಅಯೋವಾದ ಹುಡುಗಿಯರು ಆಡುತ್ತಿದ್ದದ್ದು ಆರು ಜನರ ಬಾಸ್ಕೆಟ್‌ಬಾಲ್: ಮೂವರು ಹೊಡೆಯಲಿಕ್ಕೆ, ಮೂವರು ತಡೆಯಲಿಕ್ಕೆ, ಯಾರೂ ಅರ್ಧ ಗೆರೆ ದಾಟುವಂತಿಲ್ಲ, ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ. ಹೆಣ್ಣುಮಕ್ಕಳ ದೇಹಕ್ಕೆ ಪೂರ್ತಿ ಕೋರ್ಟು ಓಡುವ ಶಕ್ತಿ ಇಲ್ಲ ಅನ್ನುವ ಕಾಲದಲ್ಲಿ ಹುಟ್ಟಿದ ಆಟ. 1993ರವರೆಗೂ ನಡೆಯಿತು, ಅದೂ ತುಂಬಿದ ಸ್ಟೇಡಿಯಮ್ಮುಗಳಲ್ಲಿ. ಜೆನ್ಸನ್ ಹೈಸ್ಕೂಲಿನ ಕೊನೆಯ ವರ್ಷ ಆಟಕ್ಕೆ ಸರಾಸರಿ 66 ಪಾಯಿಂಟ್ ಹೊಡೆದವರು. ಅವರ ಅಜ್ಜಿ 1920ರ ದಶಕದಲ್ಲಿ ಆಡುಬಾನ್ ಊರಿನ ಟೀಮಿನ ಸ್ಟಾರ್.

ಬ್ಲೂಡರ್ ಮೊದಲು ಡ್ರೇಕ್ ವಿಶ್ವವಿದ್ಯಾಲಯದಲ್ಲಿದ್ದರು. ಜೆನ್ಸನ್ ಅಲ್ಲಿ ಅವರ ಕೈಕೆಳಗೆ ಆಡಿದರು, ಆಮೇಲೆ ಅವರ ಅಸಿಸ್ಟೆಂಟ್ ಆದರು, 2000ರಲ್ಲಿ ಅವರ ಜೊತೆಗೇ ಅಯೋವಾಕ್ಕೆ ಬಂದರು. ಇಪ್ಪತ್ನಾಲ್ಕು ವರ್ಷ ಪಕ್ಕದ ಕುರ್ಚಿ. ಬುಟ್ಟಿಯ ಕೆಳಗೆ ಆಡುವ ಎತ್ತರದ ಹುಡುಗಿಯರಿಗೆ ಕಾಲು ಎಲ್ಲಿಡಬೇಕು, ಭುಜ ಯಾವಾಗ ತಿರುಗಿಸಬೇಕು ಅಂತ ಕಲಿಸೋದು ಅವರ ಕೆಲಸ. ವಿಸ್ಕಾನ್ಸಿನ್‌ನ ಪೋರ್ಟ್ ವಿಂಗ್ ಅನ್ನುವ ಇನ್ನೂರು ಜನರೂ ಇಲ್ಲದ ಊರಿನಿಂದ ಬಂದ ಮೇಗನ್ ಗುಸ್ಟಾಫ್‌ಸನ್ ಅವರ ಕೈಯಲ್ಲಿ ಪಳಗಿ 2019ರಲ್ಲಿ ದೇಶದ ಶ್ರೇಷ್ಠ ಆಟಗಾರ್ತಿಯಾದಳು. 2024ರ ಮೇ ತಿಂಗಳಲ್ಲಿ ಬ್ಲೂಡರ್ ನಿವೃತ್ತಿ ಹೇಳಿದ ದಿನವೇ ಜೆನ್ಸನ್ ಅವರನ್ನು ಮುಖ್ಯ ಕೋಚ್ ಅಂತ ಸಾರಿದರು. ನಮ್ಮ ಊರಿನ ಕಾಫಿ ಅಂಗಡಿಯಲ್ಲಿ ಅವತ್ತು ಒಬ್ಬ ಮುದುಕ ರೈತ 'ಅಂತೂ ಬಂತು' ಅಂದ. ಸ್ವಂತ ಸೊಸೆಗೆ ಬಡ್ತಿ ಸಿಕ್ಕಿತೇನೋ ಅನ್ನುವ ಥರ.

ಎಲ್ಲರೂ ಹೀಗೆ ಮೊದಲನೇ ಕುರ್ಚಿಗೆ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಜೀನೋ 1985ರಲ್ಲಿ ಕನೆಕ್ಟಿಕಟ್‌ಗೆ ಬಂದಾಗ ಆ ಕಾಲೇಜಿನ ಹೆಣ್ಣುಮಕ್ಕಳ ಟೀಮು ಅಲ್ಲಿಯವರೆಗೆ ಸೋಲಿಗಿಂತ ಗೆಲುವು ಜಾಸ್ತಿ ಕಂಡದ್ದು ಒಂದೇ ಒಂದು ವರ್ಷ. ಆ 1985ರಲ್ಲೇ ಕ್ರಿಸ್ ಡೇಲಿ ಅಸಿಸ್ಟೆಂಟ್ ಆಗಿ ಅವರ ಜೊತೆ ಸೇರಿದರು, ಇವತ್ತಿಗೂ ಅಲ್ಲೇ ಇದ್ದಾರೆ. 2025ರ ಏಪ್ರಿಲ್‌ನದ್ದು ಹನ್ನೆರಡನೇ ಚಾಂಪಿಯನ್‌ಶಿಪ್. ಜೀನೋ ಅವರ ಗೆಲುವುಗಳ ಲೆಕ್ಕ ಪತ್ರಿಕೆಗಳಲ್ಲಿ ದಿನಾ ಬರುತ್ತದೆ. ಡೇಲಿ ನಲವತ್ತು ವರ್ಷದಲ್ಲಿ ಎಷ್ಟು ಅಡುಗೆಮನೆಗಳಲ್ಲಿ ಕೂತಿದ್ದಾರೆ ಅಂತ ಲೆಕ್ಕ ಇಟ್ಟವರಿಲ್ಲ.

ದಕ್ಷಿಣ ಕೆರೊಲೈನಾ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಡಾನ್ ಸ್ಟೇಲಿ ಪಕ್ಕದಲ್ಲಿ ಲೀಸಾ ಬೋಯರ್. ತಮಾಷೆ ಅಂದರೆ ತೊಂಬತ್ತರ ದಶಕದಲ್ಲಿ ರಿಚ್‌ಮಂಡ್‌ನ ವೃತ್ತಿಪರ ಟೀಮಿನಲ್ಲಿ ಬೋಯರ್ ಕೋಚು, ಸ್ಟೇಲಿ ಆಟಗಾರ್ತಿ. ಆಮೇಲೆ ಪಾತ್ರ ಅದಲು ಬದಲು. ತಾನು ಕಲಿಸಿದ ಹುಡುಗಿಯ ಕೈಕೆಳಗೆ ಎರಡು ದಶಕ ದುಡಿಯಲು ಎಂಥ ಮನಸ್ಸು ಬೇಕು! ನಮ್ಮ ಸಂಗೀತದ ಮನೆತನಗಳಲ್ಲಿ ಇದನ್ನು ಊಹಿಸಲಿಕ್ಕೇ ಆಗೋದಿಲ್ಲ.

ಸ್ಟೇಲಿ ಅವರ ದೊಡ್ಡ ಬೇಟೆ 2014ರಲ್ಲಿ ಏಜಾ ವಿಲ್ಸನ್. ದೇಶದಲ್ಲೇ ನಂಬರ್ ಒನ್ ಹುಡುಗಿ, ಮನೆ ಕಾಲೇಜಿನಿಂದ ಅರ್ಧ ಗಂಟೆ ದೂರದ ಹಾಪ್‌ಕಿನ್ಸ್‌ನಲ್ಲಿ. ವಿಲ್ಸನ್ ಅವರ ಅಜ್ಜಿ ಚಿಕ್ಕವಳಾಗಿದ್ದಾಗ ಆ ವಿಶ್ವವಿದ್ಯಾಲಯದ ಆವರಣದೊಳಗೆ ಕಪ್ಪು ಜನ ಕಾಲಿಡುವಂತಿರಲಿಲ್ಲ, ಸುತ್ತು ಹಾಕಿ ಹೋಗಬೇಕಿತ್ತು. ಅಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಮತ್ತೆ ಬಾಗಿಲು ತೆರೆದದ್ದು 1963ರಲ್ಲಿ. 2021ರ ಜನವರಿಯಲ್ಲಿ ಅದೇ ಕಾಲೇಜಿನ ಸ್ಟೇಡಿಯಂ ಮುಂದೆ ವಿಲ್ಸನ್ ಪ್ರತಿಮೆ ನಿಲ್ಲಿಸಿದಾಗ ಆಕೆ ಇದನ್ನು ಹೇಳಿದಳು. ಅಜ್ಜಿ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಅಂಥ ಮನೆಯ ಜಗಲಿಯಲ್ಲಿ ಕೂತು 'ನಿಮ್ಮ ಮೊಮ್ಮಗಳನ್ನು ನಮ್ಮ ಕಾಲೇಜಿಗೆ ಕಳಿಸಿ' ಅನ್ನುವುದಕ್ಕೆ ಬರೀ ಬಾಸ್ಕೆಟ್‌ಬಾಲ್ ಗೊತ್ತಿದ್ದರೆ ಸಾಲದು.

ಈ ಎರಡನೇ ಕುರ್ಚಿಗಳಲ್ಲಿ ಇಷ್ಟು ಹೆಂಗಸರು ಕೂತಿರೋದಕ್ಕೆ ಒಂದು ಕಹಿ ಕಾರಣವೂ ಇದೆ ಅಂತ ನನಗನ್ನಿಸುತ್ತದೆ. 1972ರಲ್ಲಿ, ಶಿಕ್ಷಣದಲ್ಲಿ ಲಿಂಗಭೇದ ಮಾಡಬಾರದು ಅನ್ನುವ 'ಟೈಟಲ್ ನೈನ್' ಕಾನೂನು ಬಂದಾಗ, ಕಾಲೇಜುಗಳ ಹೆಣ್ಣುಮಕ್ಕಳ ಟೀಮುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಟೀಮುಗಳ ಮುಖ್ಯ ಕೋಚ್ ಹೆಂಗಸೇ. ಈಗ ಎಲ್ಲ ಆಟಗಳನ್ನೂ ಸೇರಿಸಿದರೆ ನೂರಕ್ಕೆ ನಲವತ್ತರ ಆಚೀಚೆ, ಬಾಸ್ಕೆಟ್‌ಬಾಲ್ ಸ್ವಲ್ಪ ವಾಸಿ. ಕಾನೂನು ದುಡ್ಡು ತಂದಿತು, ದುಡ್ಡು ಗಂಡಸರನ್ನು ತಂದಿತು. ತಿಂಗಳಿಗೆ 250 ಡಾಲರ್ ಇದ್ದಾಗ ಯಾವನೂ ಜರ್ಸಿ ಒಗೆಯಲು ಬಂದಿರಲಿಲ್ಲ. ನೋಟರ್ ಡೇಮ್‌ನ ಮುಖ್ಯ ಕೋಚ್ ಮಫೆಟ್ ಮೆಕ್‌ಗ್ರಾ 2019ರಲ್ಲಿ ಇನ್ನು ಮುಂದೆ ಗಂಡಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದಾಗ ಭಾರಿ ಗದ್ದಲವಾಯಿತು. ಮರುವರ್ಷ ಆಕೆ ನಿವೃತ್ತರಾದರು. ಅವರ ಜಾಗಕ್ಕೆ ಬಂದದ್ದು ಅವರದೇ ಹಳೇ ಆಟಗಾರ್ತಿ, ಹಳೇ ಅಸಿಸ್ಟೆಂಟ್ ನೀಲ್ ಐವಿ. ಈಗ ಸ್ಟೇಲಿ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್ ಸಂಬಳ ಪಡೆಯುತ್ತಾರೆ. ನನಗೆ ಖುಷಿಯೇ.

ಎದುರು ಮನೆ ಹುಡುಗಿಗೆ ಬರೋಣ. 2023ರ ನವೆಂಬರಿನಲ್ಲಿ ಕಾಲೇಜು ಸೇರುವ ಒಪ್ಪಂದದ ಪತ್ರಕ್ಕೆ ಸಹಿ ಹಾಕಿದಳು. ಹಸಿರು ಶರ್ಟಿನವರ ಕಾಲೇಜಿಗೇ. ಆ ಪತ್ರವನ್ನು ಅವಳ ಅಮ್ಮ ನನಗೂ ಓದಲು ಕೊಟ್ಟಿದ್ದರು. ನೀನು ಸಹಿ ಹಾಕುತ್ತಿರುವುದು ಕಾಲೇಜಿಗೆ, ಯಾವುದೇ ಕೋಚಿಗಲ್ಲ, ಕೋಚ್ ಬಿಟ್ಟು ಹೋದರೂ ನಿನ್ನ ಕಟ್ಟುಪಾಡು ಹಾಗೇ ಇರುತ್ತದೆ ಅನ್ನುವ ಅರ್ಥದ ಸಾಲು ಅದರಲ್ಲಿತ್ತು. ಓದಿದೆ. ಹುಡುಗಿ ನಗುತ್ತಾ ಸಹಿ ಹಾಕುತ್ತಿದ್ದಳು, ಮನೆ ತುಂಬಾ ಬಲೂನು. ಬಾಯಿ ಬಿಡಲಿಲ್ಲ.

2024ರ ಏಪ್ರಿಲ್‌ನಲ್ಲಿ ಹಸಿರು ಶರ್ಟಿನವರು ಬೇರೆ ರಾಜ್ಯದ ಬೇರೆ ಕಾಲೇಜಿಗೆ ಹೊರಟರು, ಹೆಚ್ಚಿನ ಸಂಬಳಕ್ಕೆ. ತಪ್ಪು ಅಂತ ಹೇಗೆ ಹೇಳಲಿ, ನಾನೂ ಮೂರು ಕಂಪನಿ ಬದಲಾಯಿಸಿದವಳೇ. ಹುಡುಗಿಗೆ ಅವರೇ ಫೋನ್ ಮಾಡಿ ಹೇಳಿದರಂತೆ, ಇಬ್ಬರೂ ಅತ್ತರಂತೆ. ಜೂನ್‌ನಲ್ಲಿ ಹುಡುಗಿ ಸಾಮಾನು ಕಟ್ಟಿಕೊಂಡು ಹೋಗಿ ಇಳಿದಾಗ, ಎರಡು ವರ್ಷ ತನ್ನ ಹುಟ್ಟುಹಬ್ಬ, ಅಜ್ಜಿಯ ಮೊಣಕಾಲು, ಗಣಿತದ ಭಯ ಎಲ್ಲ ಬಲ್ಲವರಾಗಿದ್ದ ಒಂದು ಜೀವ ಅಲ್ಲಿರಲಿಲ್ಲ. ನಲವತ್ತು ನಿಮಿಷದ ಸೂಟಿನವರು ಇದ್ದರು. ಇಡೀ ಸೀಸನ್ನಿನಲ್ಲಿ ಅವಳನ್ನು ಆಡಿಸಿದ್ದು ಬೆರಳೆಣಿಕೆಯ ಸಲ.

ಮೊದಲಾಗಿದ್ದರೆ ಹಲ್ಲು ಕಚ್ಚಿ ನಾಲ್ಕು ವರ್ಷ ಕಳೆಯಬೇಕಿತ್ತು, ಇಲ್ಲವೇ ಬೇರೆ ಕಡೆ ಹೋಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರಲ್ಲಿ, ಕಾಲೇಜು ಬದಲಾಯಿಸಬೇಕೆನ್ನುವವರು ಹೆಸರು ಹಾಕುವ 'ಟ್ರಾನ್ಸ್‌ಫರ್ ಪೋರ್ಟಲ್' ಬಂತು, 2021ರಿಂದ ಒಂದು ಸಲ ಕೂರದೆ ಬದಲಾಯಿಸಬಹುದು ಅಂದರು, 2024ರಿಂದ ಎಷ್ಟು ಸಲ ಬೇಕಾದರೂ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಹಂಚಬಹುದು. ನಾನು ಓದಿದ ಆ ಸಹಿ ಪತ್ರದ ಪದ್ಧತಿಯೇ 2024ರ ಅಕ್ಟೋಬರಿನಲ್ಲಿ ರದ್ದಾಯಿತು. ಈಗ ಪ್ರತಿ ವಸಂತದಲ್ಲೂ ಸಾವಿರಕ್ಕೂ ಹೆಚ್ಚು ಹುಡುಗಿಯರು ಪೋರ್ಟಲ್ಲಿನಲ್ಲಿ ಹೆಸರು ಹಾಕುತ್ತಾರೆ. 2025ರಲ್ಲಂತೂ ಟೂರ್ನಮೆಂಟ್ ಇನ್ನೂ ನಡೆಯುತ್ತಿರುವಾಗಲೇ ಅದರ ಬಾಗಿಲು ತೆರೆದಿತ್ತು. ಒಂದು ಕಿವಿಯಲ್ಲಿ ನಾಳಿನ ಪಂದ್ಯದ ತಯಾರಿ, ಇನ್ನೊಂದರಲ್ಲಿ ಮುಂದಿನ ವರ್ಷದ ಹುಡುಗಿಯ ಫೋನು.

ಇದರಿಂದ ಆಟಗಾರ್ತಿಯರಿಗೆ ಒಳ್ಳೆಯದೇ ಆಗಿದೆ, ಅನುಮಾನವೇ ಬೇಡ. ಏಂಜೆಲ್ ರೀಸ್ 2022ರಲ್ಲಿ ಮೇರಿಲ್ಯಾಂಡ್ ಬಿಟ್ಟು ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದಳು, ಮರುವರ್ಷವೇ ನಮ್ಮ ಅಯೋವಾವನ್ನು ಸೋಲಿಸಿ ಕಪ್ ಎತ್ತಿದಳು. ಆದರೆ ಎರಡು ವರ್ಷ ನಡೆಯುತ್ತಿದ್ದ ಪ್ರಣಯ ಈಗ ಹತ್ತು ದಿನದ ಸಂತೆ. ಎಷ್ಟೋ ಕಾಲೇಜುಗಳು ಹರಾಜಿನ ಲೆಕ್ಕ ನೋಡಲಿಕ್ಕೆ ಜನರಲ್ ಮ್ಯಾನೇಜರನ್ನೇ ಇಟ್ಟುಕೊಂಡಿವೆ. ಅಸಿಸ್ಟೆಂಟ್‌ಗಳ ಸಂಖ್ಯೆಯೇನೋ ಹೆಚ್ಚಿದೆ. ಮೂವರಿದ್ದವರು 2023ರಿಂದ ಐವರು. ಚಕ್ಕುಲಿಯ ಹೆಸರು ಬರೆದುಕೊಳ್ಳುವ ಪುರುಸೊತ್ತು ಅವರಿಗೆ ಎಲ್ಲಿಂದ ಬರಬೇಕು?

ಹೀಗೆ ಯಾರಾದರೂ ಮನೆಗೆ ಬಂದು ಕೇಳುತ್ತಾರೆ ಅನ್ನುವುದೇ ನನಗೆ ಬೆರಗು, ಅದಕ್ಕೇ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ ಅನಿಸುತ್ತದೆ. ನಾನೂ ಮೈಸೂರಿನಲ್ಲಿ ಪಿಯುಸಿವರೆಗೆ ಆಡಿದವಳು. ಬೆಂಗಳೂರಿನ ಒಂದು ಕಾಲೇಜಿಗೆ ಸ್ಪೋರ್ಟ್ಸ್ ಕೋಟಾದ ಟ್ರಯಲ್ಸ್‌ಗೆ ಅಪ್ಪನ ಜೊತೆ ಬೆಳಗಿನ ಟ್ರೈನಿನಲ್ಲಿ ಹೋಗಿದ್ದೆ. ಡಾಂಬರಿನ ಕೋರ್ಟು, ಒಂದು ಕಡೆ ಬಲೆಯೇ ಇಲ್ಲದ ರಿಂಗು. ಒಬ್ಬರು ತಲೆ ಎತ್ತದೆ 'ಹೈಟ್ ಎಷ್ಟು?' ಅಂದರು. ಹೇಳಿದೆ. 'ಆಯ್ತು, ತಿಳಿಸ್ತೀವಿ.' ಚೆಂಡು ಮುಟ್ಟಿಸಲೂ ಇಲ್ಲ. ವಾಪಸ್ ಬರುವಾಗ ಅಪ್ಪ ಮದ್ದೂರಿನಲ್ಲಿ ವಡೆ ಕೊಡಿಸಿ ಆ ವಿಷಯ ಮತ್ತೆ ಎತ್ತಲಿಲ್ಲ. 2019ರಲ್ಲಿ ಬೆಂಗಳೂರಿನ ಸಂಜನಾ ರಮೇಶ್ ಬಾಸ್ಕೆಟ್‌ಬಾಲ್ ಸ್ಕಾಲರ್‌ಶಿಪ್ ಪಡೆದು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಹೋದಾಗ ನಾನು ಆಫೀಸಿನಲ್ಲಿ ಸುದ್ದಿ ಓದಿ ಪಕ್ಕದವಳಿಗೂ ತೋರಿಸಿದ್ದೆ, ನಮ್ಮ ಸೋದರ ಸೊಸೆ ಅನ್ನುವ ಹಾಗೆ. ಎನ್‌ಬಿಎ ಅಕಾಡೆಮಿಯ ಶಿಬಿರಗಳಲ್ಲಿ ಆಡಿ ಬಂದ ಹುಡುಗಿ. ಆ ವಿಶ್ವವಿದ್ಯಾಲಯವಿರುವ, ಹಿಮ ಬೀಳುವ ಫ್ಲ್ಯಾಗ್‌ಸ್ಟಾಫ್‌ನಿಂದ ಯಾರೋ ಒಬ್ಬರು ಬೆಂಗಳೂರಿನ ಮನೆಗೆ ಫೋನ್ ಮಾಡಿ ಅವಳ ಅಪ್ಪ-ಅಮ್ಮನ ಹತ್ತಿರ ಮಾತಾಡಿರಬೇಕಲ್ಲ!

ಎದುರು ಮನೆ ಹುಡುಗಿ ಈ ವರ್ಷ ಪೋರ್ಟಲ್ಲಿಗೆ ಹೆಸರು ಕೊಟ್ಟು ಇನ್ನೊಂದು ಕಾಲೇಜು ಸೇರಿದಳು. ಹಸಿರು ಶರ್ಟಿನವರ ಹೊಸ ಕಾಲೇಜಿಗೆ ಹೋಗುತ್ತಾಳೆ ಅಂದುಕೊಂಡಿದ್ದೆ. ಅಲ್ಲಿ ಅವಳ ಜಾಗಕ್ಕೆ ಆಗಲೇ ಇಬ್ಬರಿದ್ದರಂತೆ.

ಮೊನ್ನೆ ಜುಲೈನಲ್ಲಿ ಮತ್ತೆ ಅದೇ ಎಂಟು ಕೋರ್ಟಿನ ಗೋಡೌನು. ಈಗ ನನ್ನ ಮಗಳಿಗೆ ಹದಿನಾರು. ಐದಡಿ ಐದಿಂಚು, ಮುಂದೆ ಬೆಳೆಯುವ ಲಕ್ಷಣವಿಲ್ಲ. ಅಂಚಿನ ಸಾಲಿನಲ್ಲಿ ಅದೇ ಹೆಂಗಸು, ಅದೇ ರಬ್ಬರ್ ಬ್ಯಾಂಡು, ಅದೇ ಕಾಫಿ ಲೋಟ. ಶರ್ಟು ಕೆಂಪು. ನನ್ನನ್ನು ಗುರುತು ಹಿಡಿದರು. ಮಾತಾಡುವಂತಿಲ್ಲ, ನಾನೂ ಆಡುವ ಹುಡುಗಿಯ ತಾಯಿ. ಬಲಗೈ ತೋರುಬೆರಳನ್ನು ಗಾಳಿಯಲ್ಲಿ ಸುರುಳಿ ಸುರುಳಿಯಾಗಿ ತಿರುಗಿಸಿ ಹುಬ್ಬು ಎತ್ತಿದರು. ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಚೀಲ ತಟ್ಟಿ ತೋರಿಸಿದೆ, ಇದೆ ಅಂತ. ಆಮೇಲೆ ಅವರ ಕಣ್ಣು ಎಂದಿನಂತೆ ಬೆಂಚಿನ ಕಡೆ ಹೋಯಿತು, ನನ್ನದೂ ಹೋಯಿತು. ನನ್ನ ಮಗಳು ಬೆಂಚಿನ ಕೊನೆಯಲ್ಲಿ ಎರಡು ಕುರ್ಚಿ ಹಿಡಿದು ಕೂತಿದ್ದಳು. ಒಂದರಲ್ಲಿ ತಾನು, ಇನ್ನೊಂದರಲ್ಲಿ ಅವಳ ಬ್ಯಾಗು.